ಹಿರಿಕಿರಿಯ ಗುಂಡುಗಳು

ಹರಳಿನಲ್ಲಿ ಕಣಗಳು ಪಂಕ್ತಿಯಲ್ಲಿ ಕುಳಿತವರಂತೆ ಸಾಲುಗೂಡಿರುತ್ತವೆ. ಅನಿಲದಲ್ಲಿ ಒಂದರ ಗೊಡವೆ ಇನ್ನೊಂದಕ್ಕಿಲ್ಲ. ದ್ರವದಲ್ಲಿಯಾದರೋ ಅವು ಒತ್ತೊತ್ತಾಗಿದ್ದರೂ ಸಾಲು ಹಿಡಿಯವು. ಇಂತಹ ಅಸ್ತವ್ಯಸ್ತತೆಯನ್ನು ಲೆಕ್ಕಕ್ಕೆ ತರುವುದು ಹೇಗೆ?

ಲಂಡನ್ನಿನ ಬರ್ಕ್‌ಬೆಕ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಜೆ. ಡಿ. ಬರ್ನಾಲ್ ಅವರು 1950ರ ದಶಕದ ಕೊನೆಯಲ್ಲಿ ಇದಕ್ಕೆ ಕೈಯಿಂದಲೇ ಉತ್ತರ ಹುಡುಕಹೊರಟರು. ರಬ್ಬರ್ ಚೆಂಡುಗಳನ್ನು ಉದ್ದಗಿಡ್ಡ ಕಡ್ಡಿಗಳಿಂದ ಜೋಡಿಸುತ್ತ ಹೋದರು. ಮನುಷ್ಯನ ಕೈ ತನಗರಿವಿಲ್ಲದೆಯೇ ಕ್ರಮವನ್ನು ಅರಸುತ್ತದೆ. ಅದನ್ನು ತಪ್ಪಿಸಲು ಅವರು ತಮ್ಮ ಕಚೇರಿಯಲ್ಲಿಯೇ ಈ ಕೆಲಸಕ್ಕೆ ಕುಳಿತರು. ಐದು ನಿಮಿಷಕ್ಕೊಮ್ಮೆ ಏನಾದರೊಂದು ಅಡ್ಡಿ ಒದಗುತ್ತಿತ್ತು. ಹಿಂದೆ ಮಾಡಿದ್ದು ಮರೆತುಹೋಗುತ್ತಿತ್ತು. ಇತರರಿಗೆ ಕಿರುಕುಳವೆನಿಸುವುದೇ ಬರ್ನಾಲರಿಗೆ ಉಪಕರಣವಾಯಿತು! ಮುಂದೆ ಅವರ ಶಿಷ್ಯ ಜಾನ್ ಫಿನ್ನಿ ಅವರು ಸಮಗಾತ್ರದ ಸುಮಾರು 8000 ಗುಂಡುಗಳ ರಾಶಿಯಲ್ಲಿ ಒಂದೊಂದರ ಸ್ಥಾನವನ್ನೂ ಅಳೆದು 1970ರಲ್ಲಿ ಪ್ರಕಟಿಸಿದರು. ಕ್ರಮವಾಗಿ ಅಡಕಿದರೆ ಗುಂಡುಗಳು ಜಾಗದ ಶೇಕಡ 74ರಷ್ಟನ್ನು ತುಂಬಬಲ್ಲವು. ಸುರಿದು ಕುಲುಕಿದರೆ ಸುಮಾರು 64ರಷ್ಟನ್ನು ಮಾತ್ರ.

ಗುಂಡುಗಳೆಲ್ಲ ಒಂದೇ ಅಳತೆಯವಲ್ಲದಿದ್ದರೆ? ಹಾಲನ್ನೇ ನೋಡಿರಿ. ಅದರ ಕೊಬ್ಬಿನ ಹನಿಗಳಲ್ಲಿ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತ ಕಿರಿದಾದವೂ ಉಂಟು, ಅದರ ಹತ್ತು ಮಡಿಯವೂ ಉಂಟು. ಕಡಲೆ ತುಂಬಿದ ಸೇರಿಗೆ ರಾಗಿ ಸುರಿದರೆ ಅದು ಸಂದುಗಳಿಗೆ ಇಳಿಯುತ್ತದೆ; ಹಾಗೆಯೇ ಕಿರಿಯ ಕಣಗಳು ಹಿರಿಯವುಗಳ ನಡುವೆ ಸೇರಬಲ್ಲವು. ಸಾವಿರ ಬಗೆಯ ಅಳತೆಗಳಿದ್ದರೆ, ಯಾವುದರ ಪಕ್ಕದಲ್ಲಿ ಯಾವುದೆಂದು ತಿಳಿಯಲು 5 ಲಕ್ಷಕ್ಕೂ ಮಿಕ್ಕ ಬಗೆಯ ಜೋಡಿಗಳನ್ನು ಪರಿಶೀಲಿಸಬೇಕು. ಎಣಿಸುವವರ ತಾಳ್ಮೆ ಇಲ್ಲಿ ಸಾಲದು.

ಒಂದು ಕಣದಿಂದ ಇಂತಿಷ್ಟು ದೂರದಲ್ಲಿ ಇನ್ನೊಂದು ಕಣವಿರುವ ಸಂಭವವೆಷ್ಟು ಎಂಬುದನ್ನು ತಿಳಿಸುವ ಸಮೀಕರಣವೊಂದನ್ನು ಪರ್ಕಸ್ ಮತ್ತು ಯೆವಿಕ್ ಎಂಬವರು 1958ರಲ್ಲಿ ರಚಿಸಿದರು. ಹಲವು ಅಳತೆಯ ಗಟ್ಟಿ ಗುಂಡುಗಳ ಮಿಶ್ರಣಕ್ಕೆ ಅದನ್ನು 1964ರಲ್ಲಿ ಬಿಡಿಸಿದವರು ಜೋಯೆಲ್ ಲೆಬೊವಿಟ್ಜ್. ಆಗ ಹೊರಬಿದ್ದ ಫಲ ಸೋಜಿಗದ್ದು. ಮಿಶ್ರಣದ ಒತ್ತಡವನ್ನು ಕಂಡುಹಿಡಿಯಲು ಒಂದೊಂದು ಅಳತೆಯ ಗುಂಡುಗಳೆಷ್ಟೆಂದು ತಿಳಿಯಬೇಕಾಗಿಯೇ ಇಲ್ಲ! ಉಷ್ಣತೆಯೊಡನೆ, ನಿಗದಿತ ಜಾಗದಲ್ಲಿರುವ ಗುಂಡುಗಳ ಸಂಖ್ಯೆ, ಅವುಗಳ ವ್ಯಾಸಗಳ ಮೊತ್ತ, ಮೇಲ್ಮೈಗಳ ಮೊತ್ತ, ಘನಫಲಗಳ ಮೊತ್ತ ಇವಿಷ್ಟು ತಿಳಿದರೆ ಸಾಕು. ಈ ನಾಲ್ಕೂ ಸಮವಾಗಿದ್ದರೆ, ಒಂದರಲ್ಲಿ ಮೂರೇ ಬಗೆಯ ಗುಂಡುಗಳಿದ್ದು ಇನ್ನೊಂದರಲ್ಲಿ ಮುನ್ನೂರು ಬಗೆಯವು ಇದ್ದರೂ, ಎರಡು ಮಿಶ್ರಣಗಳ ಒತ್ತಡ ಒಂದೇ ಎಂದು ಈ ಸಿದ್ಧಾಂತ ಹೇಳುತ್ತದೆ.

ಪರ್ಕಸ್-ಯೆವಿಕ್ ಸಮೀಕರಣ ಅಂದಾಜಿನದು. ದ್ರವ ದಟ್ಟವಾದಂತೆ ಅದರ ತಪ್ಪು ಬೆಳೆಯುತ್ತದೆ. 1970 ಮತ್ತು 1971ರಲ್ಲಿ ಬಂದ ತಿದ್ದುಪಡಿಯ ಸೂತ್ರ ಅದನ್ನು ಬಹುಮಟ್ಟಿಗೆ ಸರಿಪಡಿಸಿದರೂ ಆ ನಾಲ್ಕು ಮೊತ್ತಗಳನ್ನು ಬಿಡಲಿಲ್ಲ. ಆದರೆ ನಿಜವಾದ ಕಣಗಳು ಕೇವಲ ಗಟ್ಟಿ ಗುಂಡುಗಳಲ್ಲ, ಒಂದನ್ನೊಂದು ಸೆಳೆಯುತ್ತವೆ. ಆ ಸೆಳೆತವನ್ನು ಲೆಕ್ಕಕ್ಕೆ ಸೇರಿಸಿದೊಡನೆ ಈ ಸರಳತೆ ಸಾಮಾನ್ಯವಾಗಿ ಉಳಿಯದು.