ಗುರುತಿನ ಚೀಟಿ ಕೇಳಲು ಸಂಕೋಚ ಬೇಡ

ಮಗಳೇ, ಮದುವೆಯಾಗಿ ತೋಟದ ಮನೆಗೆ ಬಂದಿದ್ದಿ. ನಮ್ಮ ಪುತ್ತೂರು, ಸುಳ್ಯ, ಕಡಬದ ಕಡೆ ಒಂದು ಮನೆಯಲ್ಲಿ ಕೂಗಿದರೆ ಇನ್ನೊಂದು ಮನೆಗೆ ಕೇಳುವುದಿಲ್ಲ. ಹಗಲು ಹೊತ್ತು ಗಂಡಸರು ತೋಟದಲ್ಲೋ ಪೇಟೆಯಲ್ಲೋ ಇರುತ್ತಾರೆ, ಮನೆಯಲ್ಲಿ ನೀನು ಮತ್ತು ಅತ್ತೆ ಇಬ್ಬರೇ. ಮೋಸ ಮಾಡುವವರು ಆ ಹೊತ್ತನ್ನೇ ನೋಡಿ ಬರುತ್ತಾರೆ.

ಮಾರಾಟದವರು ಯಾರೂ ಬರಬಾರದೆಂದು ಊರ ಬಾಗಿಲಲ್ಲೇ ಬೋರ್ಡು ಹಾಕಿಸಿದರೆ ಹೇಗೆ ಎಂದು ಕೇಳಿದೆಯಲ್ಲ. ನಿನ್ನ ಗೇಟಿಗೆ ಹಾಕು, ಅದು ನಿನ್ನ ಹಕ್ಕು. ಊರಿಗೆಲ್ಲ ಹಾಕಿಸಬೇಡ. ಹಾರ್ನ್ ಹೊಡೆದುಕೊಂಡು ಬರುವ ಮೀನಿನವರು, ಗುಜರಿಯವರು, ಚಾಪೆ ಹೊತ್ತು ತರುವವರು ಎಲ್ಲರೂ ಹೊಟ್ಟೆಪಾಡಿಗೆ ಬಿಸಿಲಲ್ಲಿ ತಿರುಗುವವರು. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ಒಂದೇ ಕಡೆ ಕೂರದೆ ತಿರುಗಿ ಮಾರುವವರನ್ನೂ ಲೆಕ್ಕಕ್ಕೆ ತೆಗೆದುಕೊಂಡಿದೆ. ಅದು ಪಟ್ಟಣಗಳ ಕಾಯ್ದೆ. ಪುತ್ತೂರು ನಗರಸಭೆ, ಸುಳ್ಯ ಮತ್ತು ಕಡಬ ಪಟ್ಟಣ ಪಂಚಾಯತ್ ವ್ಯಾಪ್ತಿಯಲ್ಲಿ ವ್ಯಾಪಾರದ ಪ್ರಮಾಣಪತ್ರ ಕೊಡುವ ದಾರಿ ಅದರಲ್ಲಿದೆ. ಜಾತಿ, ಧರ್ಮ, ಭಾಷೆ ನೋಡಿ ಬಡವರನ್ನು ಓಡಿಸುವ ಬೋರ್ಡಿಗೆ ನನ್ನ ಒಪ್ಪಿಗೆಯಂತೂ ಇಲ್ಲ.

ಕಂಪೆನಿಯ ಹೆಸರು ಹೇಳಿಕೊಂಡು, ಟೈ ಕಟ್ಟಿಕೊಂಡು, ನೀರಿನ ಫಿಲ್ಟರೋ ಮಂಡಿನೋವಿನ ಪುಡಿಯೋ ತರುವವರ ವಿಷಯ ಬೇರೆ. ಏಜೆಂಟರ ಜಾಲದ ಮೂಲಕ ಮಾರುವ ಕಂಪೆನಿಗಳಿಗೆಂದೇ ಕೇಂದ್ರ ಸರಕಾರ 2021ರ ಡಿಸೆಂಬರಿನಲ್ಲಿ ನೇರ ಮಾರಾಟದ ನಿಯಮ ಮಾಡಿದೆ. ಅಂಥವರು ಗುರುತಿನ ಚೀಟಿ ಇಲ್ಲದೆ, ಮೊದಲೇ ನಿನ್ನ ಒಪ್ಪಿಗೆ ಪಡೆಯದೆ ಮನೆಗೆ ಬರುವಂತೆಯೇ ಇಲ್ಲ. ಕಂಪೆನಿ ಯಾವುದು, ಬಂದದ್ದು ಏಕೆ ಎಂದು ಮಾತಿನ ಆರಂಭದಲ್ಲೇ ಹೇಳಬೇಕು. ಆರ್ಡರ್ ಫಾರಂ ಕೊಡಬೇಕು, ಆರ್ಡರ್ ರದ್ದು ಮಾಡುವ, ವಸ್ತು ಹಿಂದಿರುಗಿಸಿ ದುಡ್ಡು ವಾಪಸು ಪಡೆಯುವ ಹಕ್ಕಿನ ವಿವರ ಅದರಲ್ಲಿರಬೇಕು. ಚೀಟಿ ಕೇಳಿದರೆ ಅವರಿಗೆ ಅವಮಾನವಾದೀತು ಎಂದು ನೀನು ಹಿಂಜರಿಯಬೇಡ. ಸರಿಯಾದವರು ಕೇಳುವ ಮೊದಲೇ ತೋರಿಸುತ್ತಾರೆ.

ಚಿನ್ನಕ್ಕೆ ಪಾಲಿಶ್ ಹಾಕಿಕೊಡುತ್ತೇವೆ ಎನ್ನುವವರನ್ನು ಮಾತ್ರ ಜಗಲಿಗೂ ಹತ್ತಿಸಬೇಡ. ಮೊದಲು ಹಿತ್ತಾಳೆಯ ದೀಪ ಕೇಳುತ್ತಾರೆ, ಉಜ್ಜಿ ಫಳಫಳ ಮಾಡಿ ಕೊಡುತ್ತಾರೆ. ನಂಬಿಕೆ ಹುಟ್ಟಿತು ಎಂದಾಗ ಕೊರಳಿನ ಸರ ಕೇಳುತ್ತಾರೆ. ಅದನ್ನು ಯಾವುದೋ ದ್ರಾವಣದಲ್ಲಿ ಅದ್ದಿ, ಅರಸಿನಪುಡಿಯ ಜೊತೆ ಡಬ್ಬಿಯಲ್ಲಿಟ್ಟು, ಸ್ವಲ್ಪ ಹೊತ್ತು ಬಿಟ್ಟು ತೆಗೆಯಿರಿ ಎಂದು ಹೇಳಿ ಹೊರಡುತ್ತಾರೆ. ನೈಟ್ರಿಕ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲ ಸೇರಿದರೆ ಚಿನ್ನವೂ ಕರಗುತ್ತದೆ. ತೂಕ ಇಳಿದದ್ದು ನಿನಗೆ ತಿಳಿಯುವ ಹೊತ್ತಿಗೆ ಅವರ ಬೈಕು ಘಟ್ಟ ಹತ್ತಿರುತ್ತದೆ. ಕೆಲವೊಮ್ಮೆ ಡಬ್ಬಿಯಲ್ಲಿ ಸರವೇ ಇರುವುದಿಲ್ಲ.

ನೀರು ಕೇಳಿದರೆ ಕೊಡು, ನಮ್ಮ ಕಡೆ ಬಾಯಾರಿಕೆಗೆ ಇಲ್ಲ ಎನ್ನುವ ಕ್ರಮ ಇಲ್ಲ. ಆದರೆ ಚೆಂಬನ್ನು ಜಗಲಿಯಲ್ಲಿಡು, ಒಳಗಿನ ಬಾಗಿಲು ಹಾಕಿರಲಿ. ಹೋಗು ಎಂದ ಮೇಲೂ ಹೆದರಿಸಲೆಂದೋ ಪೀಡಿಸಲೆಂದೋ ಅಂಗಳ ಬಿಡದೆ ನಿಂತರೆ ಅದು ಅತಿಕ್ರಮ ಪ್ರವೇಶ, ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಮಿನಲ್ಲಿ ಅಪರಾಧ. ಆಗ ವಾದಕ್ಕೆ ನಿಲ್ಲಬೇಡ, 112ಕ್ಕೆ ಫೋನ್ ಮಾಡು. ಕೊಂಡ ವಸ್ತುವಿನಲ್ಲಿ ಮೋಸವಾಗಿದ್ದರೆ ಗ್ರಾಹಕರ ಸಹಾಯವಾಣಿ 1915.

ಈ ಎರಡು ನಂಬರುಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು, ಅತ್ತೆಯ ಕಣ್ಣಿಗೆ ಕಾಣುವ ಹಾಗೆ ಗೋಡೆಗೆ ಅಂಟಿಸಿಡು, ಇವತ್ತೇ.