ಬೆನ್ನಿನ ಆಪರೇಶನ್ ನಂತರ: ಕನ್ನಡಿಯ ಮುಂದೆ ನಿಲ್ಲುವುದು ಹೇಗೆ?

ಬೆನ್ನುಮೂಳೆ ಪಕ್ಕಕ್ಕೆ ಬಾಗುವ ಸ್ಕೋಲಿಯೋಸಿಸ್ ಹೆಚ್ಚಾಗಿ ಕಾಣಿಸಿಕೊಳ್ಳುವುದು 10ರಿಂದ 18 ವರ್ಷದೊಳಗೆ, ಮೈ ಬೆಳೆಯುವ ಭರದಲ್ಲಿ. ಬಾಗು 45–50 ಡಿಗ್ರಿ ದಾಟಿದರೆ ವೈದ್ಯರು ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯ ಮಾತೆತ್ತುತ್ತಾರೆ. ಅಷ್ಟು ಬಾಗುವುದು ಹುಡುಗಿಯರಲ್ಲೇ ಹೆಚ್ಚು. ಆಪರೇಶನ್ ಮುಗಿಸಿ ಮನೆಗೆ ಬಂದಾಗ ಬೆಳಗಾವಿಯಲ್ಲಾಗಲಿ ಖಾನಾಪುರದಲ್ಲಾಗಲಿ ನೆಂಟರು ಹೇಳುವ ಮಾತು ಒಂದೇ: ‘ಎಲ್ಲಾ ನೆಟ್ಟಗಾತಲ್ಲ, ಇನ್ನೇನ ಚಿಂತಿ?’ ಬೆನ್ನಿನುದ್ದ ಗಾಯದ ಗೆರೆ ಹೊತ್ತ ಮಗಳಿಗೆ ಚಿಂತೆ ಶುರುವಾಗುವುದೇ ಆಗ.

ಅದನ್ನು ಶೋಕಿ ಎಂದು ತಳ್ಳಬೇಡಿ. ಬೆನ್ನುಮೂಳೆ ತಜ್ಞರು ಬಳಸುವ ಎಸ್‌ಆರ್‌ಎಸ್-22 ಪ್ರಶ್ನಾವಳಿ ನೋವಿನ ಜೊತೆಗೆ, ತನ್ನ ರೂಪದ ಬಗ್ಗೆ ರೋಗಿಗೆ ಏನನಿಸುತ್ತದೆ ಎಂಬುದನ್ನೂ ಕೇಳುತ್ತದೆ. ಕೆಳಗಿನ ಎಲ್ಲ ಹೆಜ್ಜೆಗಳ ಹಿಂದಿರುವ ಸೂತ್ರ ಒಂದೇ: ಬೆನ್ನು ಯಾರದೋ, ತೀರ್ಮಾನವೂ ಅವರದೇ.

1. ಏನು ಬದಲಾಗಿದೆ, ಏನು ಉಳಿದಿದೆ ತಿಳಿಯಿರಿ

ಸ್ಕ್ರೂ ಮತ್ತು ರಾಡ್ ಹಾಕಿ ಮೂಳೆಗಳನ್ನು ಬೆಸೆಯುವುದರಿಂದ ಬಾಗು ಸಾಕಷ್ಟು ಕಡಿಮೆಯಾಗುತ್ತದೆ, ಆದರೆ ಸೊನ್ನೆಗೆ ಇಳಿಯಲೇಬೇಕೆಂದಿಲ್ಲ. ಮೂಳೆಗಳು ತಿರುಚಿಕೊಂಡಿದ್ದರಿಂದ ಉಂಟಾದ ಪಕ್ಕೆಲುಬಿನ ಉಬ್ಬು, ಭುಜದ ಏರಿಳಿತ ಸ್ವಲ್ಪ ಉಳಿಯಬಹುದು. ಮೊದಲಿನ ಮತ್ತು ಈಗಿನ ಎಕ್ಸ್‌ರೇ ಎರಡನ್ನೂ ಒಟ್ಟಿಗೆ ತೋರಿಸಲು ವೈದ್ಯರನ್ನು ಕೇಳಿ. ಕಾಲ ಕಳೆದಂತೆ ಸುಧಾರಿಸುವುದು ಯಾವುದು, ಹಾಗೇ ಉಳಿಯುವುದು ಯಾವುದು ಎಂದು ಬರೆದುಕೊಳ್ಳಿ.

2. ಕನ್ನಡಿಗೆ ಅವಸರ ಬೇಡ

ಗಾಯವನ್ನು ಮೊದಲ ಸಲ ನೋಡುವ ದಿನ ಯಾವುದು, ಆಗ ಜೊತೆಗೆ ಯಾರಿರಬೇಕು ಎಂಬುದನ್ನು ಆಪರೇಶನ್ ಆದವರೇ ಆರಿಸಲಿ. ಡ್ರೆಸಿಂಗ್ ಬದಲಿಸುವ ನೆಪದಲ್ಲಿ ಮನೆಯವರೆಲ್ಲ ಸೇರಿ ನೋಡುವುದು ಬೇಡ. ದಿನಕ್ಕೆ ಹತ್ತು ಸಲ ಭುಜ ಅಳೆಯುವ ಅಭ್ಯಾಸ ಅಂಟಿಕೊಂಡರೆ ಚಿಂತೆ ಬೆಳೆಯುತ್ತದೆ. ಕನ್ನಡಿ ಮುಂದಿನ ಹೊತ್ತನ್ನು ತಲೆ ಬಾಚಿ, ಬಟ್ಟೆ ಹಾಕುವಷ್ಟಕ್ಕೇ ಇಳಿಸಿ.

3. ಗಾಯದ ಗುರುತಿನ ಆರೈಕೆ

ಗಾಯ ಪೂರ್ತಿ ಮಾಯುವ ಮುನ್ನ ಅರಿಸಿನ, ಎಣ್ಣೆ ಹಚ್ಚಬೇಡಿ. ಮಾಯ್ದ ಮೇಲೆ ವೈದ್ಯರನ್ನು ಕೇಳಿ ಸಿಲಿಕೋನ್ ಜೆಲ್ ಅಥವಾ ಶೀಟ್ ಬಳಸಬಹುದು. ಗುರುತಿನ ಮೇಲೆ ನೇರ ಬಿಸಿಲು ಬೀಳದಿರಲಿ. ಖಾನಾಪುರದ ಮಳೆಗಾಲದಲ್ಲಿ ನೆಂದ ಬಟ್ಟೆಯಲ್ಲಿ ಕೂರಬೇಡಿ. ಗೆರೆಯ ಬಣ್ಣ ತಿಳಿಯಾಗಲು ಒಂದರಿಂದ ಒಂದೂವರೆ ವರ್ಷ ಬೇಕು. ಸುತ್ತಲಿನ ಚರ್ಮ ಜೋಮು ಹಿಡಿದಂತಿರುವುದು ಸಾಮಾನ್ಯ. ಗುರುತು ಉಬ್ಬಿ, ತುರಿಸಿ, ಅಗಲವಾಗುತ್ತಿದ್ದರೆ ಚರ್ಮರೋಗ ತಜ್ಞರನ್ನು ಕಾಣಿ.

4. ಅಳತೆ ಹೊಸದಾಗಿ ಕೊಡಿ

ಬೆನ್ನು ನೆಟ್ಟಗಾದಾಗ ಎತ್ತರವೂ ತುಸು ಹೆಚ್ಚುತ್ತದೆ, ಹಳೆಯ ಬಟ್ಟೆ ಸರಿಹೊಂದುವುದಿಲ್ಲ. ಬೆಳಗಾವಿಯ ಖಡೇ ಬಜಾರಿನಲ್ಲಿ ಬಟ್ಟೆ ಕೊಂಡರೆ ಎರಡೂ ಭುಜಗಳ ಅಳತೆ ಬೇರೆಬೇರೆ ತೆಗೆಯಲು ಟೇಲರ್‌ಗೆ ಹೇಳಿ. ತಗ್ಗಿರುವ ಭುಜಕ್ಕೆ ತೆಳುವಾದ ಪ್ಯಾಡ್, ಬೆನ್ನಿನ ಕಡೆ ಮೆತ್ತನೆಯ ಕಾಟನ್ ಲೈನಿಂಗ್ ಹಾಕಿಸಬಹುದು. ಮೊದಲ ತಿಂಗಳುಗಳಲ್ಲಿ ಮುಂದೆ ಗುಂಡಿ ಇರುವ ಬಟ್ಟೆಯೇ ಸಲೀಸು.

ರವಿಕೆಯ ಬೆನ್ನು ಎಷ್ಟು ಆಳವಿರಬೇಕು ಎಂಬುದು ಉಡುವವಳ ಇಷ್ಟ. ಬ್ರಿಟನ್ನಿನ ರಾಜಕುಮಾರಿ ಯೂಜಿನಿಗೆ 12ನೇ ವಯಸ್ಸಿನಲ್ಲಿ ಈ ಆಪರೇಶನ್ ಆಗಿತ್ತು. 2018ರ ಅಕ್ಟೋಬರ್‌ನಲ್ಲಿ ತಮ್ಮ ಮದುವೆಗೆ ಅವರು ಗುರುತು ಕಾಣುವಂಥ ಉಡುಪನ್ನೇ ಆರಿಸಿಕೊಂಡರು. ಮುಚ್ಚಿಕೊಳ್ಳಬೇಕು ಅನಿಸಿದರೆ ಅದೂ ಅಷ್ಟೇ ಸರಿ.

5. ಉತ್ತರ ಸಿದ್ಧವಿರಲಿ

ಬಸ್ಸಿನಲ್ಲಿ, ಲಗ್ನದ ಮನೆಯಲ್ಲಿ ಪ್ರಶ್ನೆ ಬಂದೇ ಬರುತ್ತದೆ. ‘ಆಪರೇಶನ್ ಆಗೇತಿ ರೀ ಕಾಕು, ಈಗ ಆರಾಮ ಅದೀನಿ’ ಎಂದರೆ ಸಾಕು. ಮತ್ತೆ ಕೆದಕಿದರೆ, ‘ಅದರ ಬಗ್ಗೆ ಈಗ ಮಾತು ಬ್ಯಾಡ್ರಿ’ ಎನ್ನಲು ಸಂಕೋಚ ಬೇಡ. ಶಾಲೆಗೆ ಮರಳುವ ಮುನ್ನ ತಂದೆತಾಯಿ ವರ್ಗಶಿಕ್ಷಕರನ್ನು ಕಂಡು ಭಾರದ ಬ್ಯಾಗ್, ಪಿ.ಟಿ. ಪೀರಿಯಡ್, ಅಡ್ಡಹೆಸರಿನ ಕಾಟದ ಬಗ್ಗೆ ಮಾತಾಡಲಿ.

ಮದುವೆಯ ಮಾತು ಬಂದಾಗ ‘ಮುಚ್ಚಿಡು’ ಎಂಬ ಒತ್ತಡ ಮಗಳನ್ನು ಇನ್ನಷ್ಟು ಕುಗ್ಗಿಸುತ್ತದೆ. ಈ ಆಪರೇಶನ್ ಆದ ಬಹುತೇಕ ಹೆಣ್ಣುಮಕ್ಕಳು ತಾಯಿಯಾಗಬಲ್ಲರು. ಹೆರಿಗೆ ವೈದ್ಯರಿಗೂ ಅರಿವಳಿಕೆ ತಜ್ಞರಿಗೂ ಮೊದಲೇ ತಿಳಿಸಿದರಾಯಿತು.

6. ಮೈಯಿಂದ ಆಗುವುದನ್ನು ಗಮನಿಸಿ

ಬೆಸೆದ ಭಾಗ ಬಗ್ಗುವುದಿಲ್ಲ. ಮೊಣಕಾಲು, ಸೊಂಟದ ಕೀಲಿನಿಂದ ಬಗ್ಗುವುದನ್ನು ಫಿಸಿಯೋಥೆರಪಿಸ್ಟ್ ಕಲಿಸುತ್ತಾರೆ. ಪಂಕ್ತಿಯಲ್ಲಿ ಕೆಳಗೆ ಕೂರಲು ಕಷ್ಟವಾದರೆ ಕುರ್ಚಿ ಕೇಳಿ. ವೈದ್ಯರು ಒಪ್ಪಿದ ಮೇಲೆ ನಡಿಗೆ, ಈಜು, ಆಟಕ್ಕೆ ಹಂತಹಂತವಾಗಿ ಮರಳಿ. ಹೇಗೆ ಕಾಣುತ್ತೇನೆ ಎಂಬ ಅಳುಕನ್ನು ತಗ್ಗಿಸಲು ‘ನನ್ನಿಂದ ಇದು ಆಗುತ್ತದೆ’ ಎಂಬ ಅನುಭವ ಬಹಳ ಸಹಾಯ ಮಾಡುತ್ತದೆ.

7. ಮನಸ್ಸು ಕುಗ್ಗಿದರೆ

ಎರಡು ವಾರ ಕಳೆದರೂ ಶಾಲೆ, ಗೆಳೆಯರು ಬೇಡ ಅನಿಸುವುದು, ಊಟ ನಿದ್ದೆ ಕೆಡುವುದು ಮುಂದುವರಿದರೆ ಸಹಾಯ ಪಡೆಯಿರಿ. ಸಾಯುವ ಮಾತು ಬಂದರೆ ಒಂದು ದಿನವೂ ಕಾಯಬೇಡಿ, ಒಂಟಿಯಾಗಿಯೂ ಬಿಡಬೇಡಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲುರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಬೆಳಗಾವಿಯಲ್ಲಿ ಬಿಮ್ಸ್ ಮತ್ತು ಕೆಎಲ್‌ಇ ಆಸ್ಪತ್ರೆಗಳಿವೆ, ಧಾರವಾಡದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಖಾನಾಪುರದವರು ಮನೋವೈದ್ಯರು ಬರುವ ದಿನವನ್ನು ತಾಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ.

ತಡಮಾಡದೆ ಆಸ್ಪತ್ರೆಗೆ: ಜ್ವರ, ಗಾಯದಿಂದ ಕೀವು, ಕಾಲಿನಲ್ಲಿ ಹೊಸದಾಗಿ ಬಲಹೀನತೆ, ಮೂತ್ರದ ಹಿಡಿತ ತಪ್ಪುವುದು.

ಮುಂದಿನ ತಪಾಸಣೆಗೆ ಹೊರಡುವಾಗ ಎಕ್ಸ್‌ರೇ ಜೊತೆ ಮಗಳು ತನ್ನ ಪ್ರಶ್ನೆಗಳ ಚೀಟಿಯನ್ನೂ ಇಟ್ಟುಕೊಳ್ಳಲಿ. ವೈದ್ಯರ ಮುಂದೆ ಅದನ್ನು ಅವಳೇ ಓದಲಿ. ಅವಳ ಪರವಾಗಿ ಉತ್ತರಿಸುವ ಆತುರವನ್ನು ಹೆತ್ತವರು ಆ ಹೊತ್ತಿಗೆ ತಡೆದುಕೊಳ್ಳಲಿ.