ಶಿಷ್ಯವೇತನವೆಂಬ ಮಾತಿನ ಅರ್ಥ

ಯಲಹಂಕದಿಂದ ಬಾಗಲೂರಿಗೆ ಹೋಗುವ ದಾರಿಯಲ್ಲಿ ಕಟ್ಟಿಗೇನಹಳ್ಳಿಯ ರೇವಾ ವಿಶ್ವವಿದ್ಯಾಲಯವಿದೆ. ಬಾಗಲೂರನ್ನು ದಾಟಿದರೆ ವಿಮಾನದ ಬಿಡಿಭಾಗಗಳನ್ನು ಮಾಡುವ ಕಾರ್ಖಾನೆಗಳ ಪ್ರದೇಶ. ದೇವನಹಳ್ಳಿಯ ವಿಮಾನ ನಿಲ್ದಾಣವು 2008ರಲ್ಲಿ ತೆರೆದ ಮೇಲೆ, ರಾಗಿಹೊಲ ದ್ರಾಕ್ಷಿತೋಟಗಳಿದ್ದ ಈ ಸೀಮೆಯಲ್ಲಿ ಲೇತ್ ಶೆಡ್ಡುಗಳೂ ಮುದ್ರಣಾಲಯಗಳೂ ಲೆಕ್ಕಪತ್ರದ ಕಚೇರಿಗಳೂ ಹೆಚ್ಚಿವೆ. ನಾಲ್ಕೈದು ಮಂದಿ ಆಳುಗಳಿರುವ ಇಂತಹ ಸಣ್ಣ ಉದ್ಯೋಗದ ಬಾಗಿಲಿಗೆ ಈಗ ಕಾಲೇಜಿನ ಪತ್ರವನ್ನು ಹಿಡಿದ ವಿದ್ಯಾರ್ಥಿಗಳು ಬರುತ್ತಿರುವರು. ಇಂಟರ್ನ್‌ಶಿಪ್ ಇಲ್ಲದೆ ಪದವಿ ಪೂರ್ಣವಾಗದು, ಎರಡು ತಿಂಗಳು ಇರಿಸಿಕೊಳ್ಳಬೇಕು ಎಂಬುದು ಅವರ ಬೇಡಿಕೆ. ಕಾಯಕವನ್ನು ನಂಬಿದ ಗೃಹಸ್ಥನು ಇವರನ್ನು ಯಾವ ಭಾವದಿಂದ ಬರಮಾಡಿಕೊಳ್ಳಬೇಕು?

ಬಿಟ್ಟಿಯಾಗಿ ಇನ್ನೊಂದು ಜೊತೆ ಕೈ ದೊರೆಯಿತೆಂದು ಹಿಗ್ಗುವವರು ಕೆಲವರು. ಚಹ ತರಿಸುವುದು, ಬ್ಯಾಂಕಿಗೆ ಅಟ್ಟುವುದು, ಹಳೆಯ ಬಿಲ್ಲುಗಳನ್ನು ಕಟ್ಟಿಡಿಸುವುದು, ಇಷ್ಟರಲ್ಲಿಯೇ ಎರಡು ತಿಂಗಳು ಕಳೆದುಹೋಗುತ್ತವೆ. ಇವನಿಂದ ಕೆಲಸ ಕೆಡುವುದೇ ಹೊರತು ಲಾಭವಿಲ್ಲವೆಂದು ಒಂದು ಮೂಲೆಯಲ್ಲಿ ಕುಳ್ಳಿರಿಸಿ ಮರೆತುಬಿಡುವವರು ಮತ್ತೆ ಕೆಲವರು. ಈ ಇಬ್ಬರೂ ಕನ್ನಡದಲ್ಲಿ ಬಳಕೆಯಲ್ಲಿರುವ ಒಂದು ಮಾತನ್ನು ನಿಧಾನಿಸಿ ನೋಡಬೇಕು. ಇಂತಹ ವಿದ್ಯಾರ್ಥಿಗೆ ಕೊಡುವ ಹಣಕ್ಕೆ ‘ಶಿಷ್ಯವೇತನ’ವೆಂದು ಹೆಸರು. ಅವನು ಶಿಷ್ಯನಾದುದರಿಂದ ಅವನಿಗೆ ಕಲಿಸಬೇಕು. ಅವನು ದುಡಿದುದರಿಂದ ವೇತನವನ್ನು ಕೊಡಬೇಕು. ಕಲಿಸಿದೆನೆಂದು ವೇತನವನ್ನು ತಪ್ಪಿಸುವುದಾಗಲಿ, ವೇತನ ಕೊಟ್ಟೆನೆಂದು ಕಲಿಸದಿರುವುದಾಗಲಿ ಪದದ ಅರ್ಧವನ್ನು ಅಳಿಸಿದಂತೆ.

ಈ ವಿಚಾರವು ಹೊಸದೇನೂ ಅಲ್ಲ. ಕಸುಬನ್ನು ಕಲಿಯಲು ಬಂದವನನ್ನು ಧರ್ಮಶಾಸ್ತ್ರಗಳು ‘ಅಂತೇವಾಸಿ’ಯೆಂದು ಕರೆದಿವೆ. ಗುರುವು ಅವನಿಗೆ ತನ್ನ ಮನೆಯಲ್ಲಿ ಅನ್ನವಿಕ್ಕಿ ಕಲಿಸಬೇಕು, ಕಸುಬಿಗೆ ಸೇರದ ಬೇರೆ ಕೆಲಸವನ್ನು ಮಾಡಿಸಲಾಗದು, ಮಗನಂತೆ ಕಾಣಬೇಕು ಎಂದು ನಾರದಸ್ಮೃತಿಯು ವಿಧಿಸುತ್ತದೆ. ಯಾಜ್ಞವಲ್ಕ್ಯಸ್ಮೃತಿಯು ಶಿಷ್ಯನನ್ನೂ ಬಿಟ್ಟಿಲ್ಲ: ಕಸುಬು ಬೇಗನೆ ಕೈಗೆ ಹತ್ತಿದರೂ ಒಪ್ಪಿದ ಅವಧಿ ಮುಗಿಯುವವರೆಗೆ ಅವನು ಗುರುವಿನ ಮನೆಯಲ್ಲಿದ್ದು, ದುಡಿಮೆಯ ಫಲವನ್ನು ಗುರುವಿಗೆ ಒಪ್ಪಿಸಬೇಕು. ಬೇರೆಡೆ ಉದ್ಯೋಗದ ಕರೆ ಬಂದ ದಿನವೇ ಹೇಳದೆ ಕೇಳದೆ ಕಾಣೆಯಾಗುವ ಇಂದಿನ ತರುಣರೂ ಇದನ್ನು ಅರಿತರೆ ಒಳ್ಳೆಯದು. ಈ ಸ್ಮೃತಿಗೆ ವಿಜ್ಞಾನೇಶ್ವರನು ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದುದು ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಕಲ್ಯಾಣದಲ್ಲಿಯೇ. ಮುಂದೆ ಅದೇ ಕಲ್ಯಾಣದಲ್ಲಿ ನೆರೆದ ಶರಣರು ಸ್ಮೃತಿಗಳ ವರ್ಣಭೇದವನ್ನು ಒಪ್ಪದೆ ತಳ್ಳಿದರು. ಆದರೆ ದುಡಿಯುವವನ ಹಕ್ಕಿನ ವಿಷಯದಲ್ಲಿ ಅವರು ಇನ್ನೂ ಬಿಗಿಯಾದರು.

ಆಯ್ದಕ್ಕಿ ಮಾರಯ್ಯನ ಕಥೆಯನ್ನು ಅರಿಯದ ಭಕ್ತರಿಲ್ಲ. ನಿತ್ಯದ ದಾಸೋಹಕ್ಕೆ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಅವನು ಒಂದು ದಿನ ಆಯ್ದು ತಂದಾಗ, ಪತ್ನಿ ಲಕ್ಕಮ್ಮನು ಮಿಕ್ಕುದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಮಾಡಿದಳು. ಸಾಮಾನ್ಯವಾಗಿ ಇದನ್ನು ದುಡಿಯುವವನ ಆಶೆಗೆ ಹೇಳಿದ ಬುದ್ಧಿಯೆಂದೇ ತಿಳಿಯುತ್ತಾರೆ. ದುಡಿಸಿಕೊಳ್ಳುವವನಿಗೂ ಅದು ಸಲ್ಲುತ್ತದೆ. ಸಂಜೆ ಆರಕ್ಕೆ ಬಿಡುವೆನೆಂದು ಒಪ್ಪಿ ಎಂಟರವರೆಗೆ ಕೂರಿಸಿಕೊಂಡರೆ, ಆ ಎರಡು ಗಂಟೆಗಳು ಆಯ್ದು ತಂದ ಹೆಚ್ಚಿನ ಅಕ್ಕಿಯೇ. ಅದನ್ನು ಮರಳಿ ಸುರಿಯುವ ಬಗೆಯಾದರೂ ಹೇಗೆ?

ಆದಕಾರಣ ಮೊದಲ ದಿನವೇ ಒಂದು ಹಾಳೆಯಲ್ಲಿ ಬರೆದಿಡುವುದು ಯುಕ್ತ: ಯಾವ ದಿನದಿಂದ ಯಾವ ದಿನದವರೆಗೆ, ಎಷ್ಟು ಹೊತ್ತು, ಏನು ಕೆಲಸ, ಕಲಿಸುವವರು ಯಾರು, ತಿಂಗಳಿಗೆ ಎಷ್ಟು ಹಣ. ಇವುಗಳಲ್ಲಿ ಕಲಿಸುವವರ ಹೆಸರೇ ಮುಖ್ಯವಾದುದು. ಎಲ್ಲರೂ ಕಲಿಸುವರೆಂದರೆ ಯಾರೂ ಕಲಿಸುವುದಿಲ್ಲ. ಹಳೆಯ ಮೇಸ್ತ್ರಿಯೊಬ್ಬನಿಗೆ ದಿನಕ್ಕೆ ಅರ್ಧ ಗಂಟೆ ಇದಕ್ಕೆಂದೇ ಬಿಡುವು ಕೊಟ್ಟರೆ ಸಾಕು. ತನ್ನ ವಿದ್ಯೆಯನ್ನು ಕೇಳುವವರು ಬಂದರೆಂದು ಅವನಿಗೂ ಸಂತೋಷ.

ಹಣ ಎಷ್ಟೆಂಬುದಕ್ಕೆ ಒಂದು ಅಳತೆಗೋಲು ಬೇಕಾದರೆ, 2024ರಲ್ಲಿ ಕೇಂದ್ರ ಸರ್ಕಾರವು 500 ದೊಡ್ಡ ಕಂಪನಿಗಳಿಗಾಗಿ ಸಾರಿದ ಇಂಟರ್ನ್‌ಶಿಪ್ ಯೋಜನೆಯಲ್ಲಿ ತಿಂಗಳಿಗೆ 5,000 ರೂಪಾಯಿಗಳೆಂದು ಗೊತ್ತುಮಾಡಿತ್ತು. ಸಣ್ಣ ಉದ್ಯೋಗಕ್ಕೆ ಅಷ್ಟು ಶಕ್ತಿಯಿಲ್ಲದಿದ್ದರೆ ಬಸ್ಸಿನ ಖರ್ಚು, ಮಧ್ಯಾಹ್ನದ ಊಟವಾದರೂ ತಪ್ಪಬಾರದು. 1961ರ ಅಪ್ರೆಂಟಿಸ್ ಕಾಯಿದೆಯು ಬೇರೆ ಮಾತು. 2019ರ ತಿದ್ದುಪಡಿಯಂತೆ 30 ಮಂದಿಗೆ ಕಡಮೆಯಿಲ್ಲದ ಸಂಸ್ಥೆಗಳು ಅಪ್ರೆಂಟಿಸರನ್ನು ತೆಗೆದುಕೊಳ್ಳಲೇಬೇಕು. 4ರಿಂದ 29 ಮಂದಿ ಇರುವಲ್ಲಿ ಅದು ಮಾಲೀಕನ ಇಚ್ಛೆ. ಅಲ್ಲಿ ಕರಾರನ್ನು ನೋಂದಾಯಿಸಬೇಕಾಗುತ್ತದೆ. ಕಾಲೇಜಿನ ಪತ್ರದಿಂದ ಬಂದ ವಿದ್ಯಾರ್ಥಿಯನ್ನು ಅದರೊಡನೆ ಬೆರೆಸಬಾರದು. ಹೆಣ್ಣುಮಕ್ಕಳ ರಕ್ಷಣೆಗಾಗಿ ಬಂದ 2013ರ ಕಾಯಿದೆಯಾದರೋ ಕಲಿಯಲು ಬಂದವಳಿಗೂ ಅನ್ವಯಿಸುತ್ತದೆ. ಹತ್ತು ಮಂದಿಗಿಂತ ಕಡಮೆ ಇರುವ ಕಡೆಯ ದೂರನ್ನು ಜಿಲ್ಲೆಯ ಸ್ಥಳೀಯ ಸಮಿತಿಯು ವಿಚಾರಿಸುತ್ತದೆ. ಅಂಗಡಿ ಚಿಕ್ಕದೆಂದು ಹೊಣೆ ಚಿಕ್ಕದಾಗದು.

ಕಡೆಗೆ ಪ್ರಮಾಣಪತ್ರದ ಪ್ರಶ್ನೆ. ಒಂದು ದಿನವೂ ಬಾರದೆ ರುಜುವನ್ನು ಮಾತ್ರ ಬೇಡುವ ವಿದ್ಯಾರ್ಥಿಗಳುಂಟು. ನೆಂಟರ ಮಗನೆಂಬ ದಾಕ್ಷಿಣ್ಯದಿಂದ ಹಾಕಿಕೊಡುವವರೂ ಉಂಟು. ಹಾಗೆ ಕೊಟ್ಟ ಕಾಗದವು ನಿಜವಾಗಿ ದುಡಿದವನ ಕಾಗದವನ್ನೂ ಬೆಲೆಗೆಡಿಸುತ್ತದೆ. ದುಡಿದವನಿಗೆ ಕೊಡುವಾಗಲೂ ‘ತೃಪ್ತಿಕರ’ವೆಂಬ ಒಂದೇ ಮಾತು ಸಾಲದು. ಮೂರು ವಾರ ವರ್ನಿಯರಿನಿಂದ ಅಳತೆ ಹಿಡಿದನು, ಆಮೇಲೆ ಲೇತಿನ ಮೇಲೆ ಕೈಯಾಡಿಸಿದನು, ನಕ್ಷೆಯನ್ನು ಓದಬಲ್ಲನು, ಉಪಕರಣಕ್ಕೆ ಸಾಣೆ ಹಿಡಿಯುವುದನ್ನು ಇನ್ನೂ ಕಲಿಯಬೇಕು ಎಂದು ಕಂಡುದನ್ನು ಕಂಡಂತೆ ಬರೆದು, ಕಲಿಸಿದ ಮೇಸ್ತ್ರಿಯ ಹೆಸರನ್ನೂ ಕೆಳಗೆ ಸೇರಿಸಬೇಕು.